ಮೂವತ್ತಮೂರರ ನಿಯಮ

ಜನವರಿ ೨೭, ಸೋಮವಾರ

ಕುಕ್ಕರ್ ಏಜೆನ್ಸಿಯವರು ಹೊಸ ವರ್ಷಕ್ಕೆಂದು ಅಂಗಡಿಗೆ ಕೊಟ್ಟ ಡೈರಿ ಇದು. ಗಲ್ಲಾದ ಕೆಳಗೆ ಬಿದ್ದಿತ್ತು. ಇವತ್ತು ತೆಗೆದೆ. ಯಾರ ಹತ್ತಿರವೂ ಹೇಳಲಾಗದ್ದನ್ನು ಎಲ್ಲಾದರೂ ಇಳಿಸಬೇಕಲ್ಲ. ನನಗೆ ಭಯವಾಗುತ್ತಿದೆ. ಪಾತ್ರೆ ಅಂಗಡಿ ರಾಜೀಮತಿಗೆ ಭಯವೆಂದರೆ ಚನ್ನರಾಯಪಟ್ಟಣದಲ್ಲಿ ನಗುವವರೇ ಹೆಚ್ಚು.

ಇವರಿಗೆ ಡಯಾಲಿಸಿಸ್ ಶುರುವಾಗಿ ಎರಡು ತಿಂಗಳು. ಸೋಮವಾರ, ಬುಧವಾರ, ಶುಕ್ರವಾರ ಹಾಸನ. ಇಲ್ಲಿನ ಆಸ್ಪತ್ರೆಯಲ್ಲಿ ನಮ್ಮ ಸರದಿ ಇನ್ನೂ ಬಂದಿಲ್ಲ. ಇಷ್ಟು ದಿನ ಇವರ ಗೆಳೆಯ ಕೀರ್ತಿರಾಜ್ ನಮ್ಮ ಕಾರು ಓಡಿಸಿಕೊಂಡು ಕರೆದೊಯ್ಯುತ್ತಿದ್ದ. ಅವನಿಗೂ ಸಂಸಾರವಿದೆ, ಕೆಲಸವಿದೆ. ಇವತ್ತಿನಿಂದ ನಾನೇ. ಲೈಸೆನ್ಸ್ ಬಂದು ಮೂರು ವರ್ಷವಾದರೂ ಶ್ರವಣಬೆಳಗೊಳದಾಚೆ ಓಡಿಸಿದವಳಲ್ಲ.

ಹೆದ್ದಾರಿಯ ಭಯ ಒಂದು, ಚಕ್ರದ ಭಯ ಇನ್ನೊಂದು. ಎರಡು ವರ್ಷದ ಹಿಂದೆ ಒಂದು ಸಂಜೆ ಇವರು ಯಾರನ್ನೂ ಕೇಳದೆ ಕಾರಿನ ಹದಿನೈದು ಇಂಚಿನ ಚಕ್ರ ತೆಗೆಸಿ ಹದಿನೇಳು ಇಂಚಿನವನ್ನು ಹಾಕಿಸಿಕೊಂಡು ಬಂದರು. ಹಳೆಯವನ್ನು ಅಲ್ಲೇ ಎಕ್ಸ್‌ಚೇಂಜ್‌ಗೆ ಕೊಟ್ಟೂ ಬಂದಿದ್ದರು. ಐವತ್ತು ದಾಟಿದ ಗಂಡಸು ಮದುವೆ ಗಂಡಿನ ಹಾಗೆ ಕಾರಿನ ಸುತ್ತ ತಿರುಗಿದ್ದೇ ತಿರುಗಿದ್ದು. "ಮುದುಕನಿಗೆ ಹೊಸ ಹಲ್ಲು" ಎಂದು ಅಂದು ನಾಲ್ಕು ದಿನ ಮಾತು ಬಿಟ್ಟಿದ್ದೆ.

ಹೋದ ವರ್ಷ ಹಿರೀಸಾವೆ ಹತ್ತಿರ ಟಯರ್ ಸಿಡಿದು ಮಗುಚಿದ್ದ ಕಾರೊಂದನ್ನು ನೋಡಿದ್ದೆವು. ಅದಕ್ಕೂ ಇಂಥದ್ದೇ ಹೊಳೆಯುವ ದೊಡ್ಡ ಚಕ್ರ. ರಸ್ತೆ ಮೇಲೆ ಒಂದು ಹೆಂಗಸಿನ ಚಪ್ಪಲಿ ಬಿದ್ದಿತ್ತು, ಒಂದೇ. ಇವತ್ತು ಹಾಸನದವರೆಗೂ ಆ ಚಪ್ಪಲಿಯೇ ಕಣ್ಣ ಮುಂದಿತ್ತು.

ಇವರು ಪಕ್ಕದಲ್ಲಿ ಕೂತು, ಬಾಗಿಲ ಮೇಲಿನ ಹಿಡಿಕೆಯನ್ನು ಎಡಗೈಯಲ್ಲಿ ಹಿಡಿದವರು ಮನೆ ಬರುವವರೆಗೂ ಬಿಡಲಿಲ್ಲ. ಸೂಜಿ ಚುಚ್ಚುವುದು ಅದೇ ಕೈಗೆ. ಆ ಕೈಯನ್ನು ಬಿಗಿ ಮಾಡಬಾರದು ಎಂದು ನರ್ಸ್ ಧನುಶ್ರೀ ನೂರು ಸಲ ಹೇಳಿದ್ದಾಳೆ.

"ನನ್ನ ಮೇಲೆ ನಂಬಿಕೆ ಇಲ್ವೇನ್ರೀ?" ಎಂದೆ.

"ಅಯ್ಯೋ, ಅಭ್ಯಾಸ ಕಣೇ" ಎಂದರು.

ಕೀರ್ತಿರಾಜ್ ಓಡಿಸುವಾಗ ಹಿಂದಿನ ಸೀಟಿನಲ್ಲಿ ನಾನೂ ಇರುತ್ತಿದ್ದೆನಲ್ಲ. ಆಗ ಈ ಅಭ್ಯಾಸ ಇರಲಿಲ್ಲ.

ಜನವರಿ ೨೯, ಬುಧವಾರ

ಹೊತ್ತು ಮುಳುಗಿದ ಮೇಲೆ ನಮ್ಮ ಜೈನರಲ್ಲಿ ಊಟವಿಲ್ಲ. ನಾನಾದರೆ ಒಂದು ಹೊತ್ತು ಬಿಟ್ಟರೂ ನಡೆದೀತು. ಇವರು ನಾಲ್ಕು ಗಂಟೆ ಮಷೀನಿಗೆ ರಕ್ತ ಕೊಟ್ಟು ಎದ್ದವರು. ಬಿಡಿಸುವುದು ಐದಕ್ಕೆ, ಹೊರಗೆ ಬರುವುದು ಐದೂಕಾಲಕ್ಕೆ. ಆಸ್ಪತ್ರೆಯಲ್ಲಿ ತುತ್ತು ಇಳಿಯುವುದಿಲ್ಲ, ಆ ವಾಸನೆಗೆ ಹೊಟ್ಟೆ ತೊಳಸುತ್ತದಂತೆ. ಆರೂಕಾಲಕ್ಕೆಲ್ಲ ಹೊತ್ತು ಮುಳುಗುತ್ತದೆ. ಇವತ್ತು ನಾನು ಲಾರಿಗಳ ಹಿಂದೆಯೇ ತೆವಳಿ ಮನೆ ಸೇರಿದಾಗ ಕತ್ತಲಾಗಿತ್ತು.

"ಒಂದು ದಿನಕ್ಕೆ ಏನಾಗುತ್ತೆ, ಉಣ್ರೀ" ಎಂದೆ.

"ನಲವತ್ತು ವರ್ಷದಿಂದ ಬಿಟ್ಟಿಲ್ಲ" ಎಂದು ಗೋಡೆಗೆ ತಿರುಗಿ ಮಲಗಿದರು.

ಆದ್ದರಿಂದ ಜೋರಾಗಿ ಓಡಿಸಬೇಕು. ಜೋರು ಎಂದರೆ ಟಯರ್. ಮತ್ತೆ ಆ ಚಪ್ಪಲಿ.

ಜನವರಿ ೩೦, ಗುರುವಾರ

ಟಯರಿಗೆ ಎಷ್ಟು ಗಾಳಿ ಇರಬೇಕು ಎಂದು ವಿಚಾರಿಸಿದೆ. ಇವರು ಕಣ್ಣು ತೆರೆಯದೆಯೇ "ಮೂವತ್ತಮೂರು" ಎಂದರು. ಬಾಗಿಲು ತೆಗೆದರೆ ಒಳಗಡೆ ಚೀಟಿ ಅಂಟಿಸಿದೆ, ಅದರಲ್ಲೂ ಅಷ್ಟೇ ಇದೆ. ಆದರೆ ಆ ಚೀಟಿಯಲ್ಲಿರುವ ಚಕ್ರದ ಅಳತೆ ಹದಿನೈದು. ಕೀರ್ತಿರಾಜ್‌ಗೆ ಫೋನ್ ಮಾಡಿದರೆ, "ಮೂವತ್ತು ಸಾಕು ಅತ್ತಿಗೆ. ದೊಡ್ಡ ವೀಲು ಎತ್ತಾಕುತ್ತೆ, ಗಾಳಿ ಕಮ್ಮಿ ಇದ್ರೆ ಮೆತ್ತಗಿರುತ್ತೆ" ಎಂದ. ಕನ್ನಡಕ ಹಾಕಿಕೊಂಡು ಟಯರಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಓದಿದರೆ ಅದರ ಮೈಮೇಲೆ ಐವತ್ತೊಂದು ಎಂದು ಅಚ್ಚಾಗಿದೆ. ಮೂವತ್ತು, ಮೂವತ್ತಮೂರು, ಐವತ್ತೊಂದು. ಮೂರರಲ್ಲಿ ಯಾವುದು ನಮ್ಮನ್ನು ಉಳಿಸುತ್ತದೆ?

ಇವರು ಇಷ್ಟು ಖಚಿತವಾಗಿ ಹೇಳುವಾಗ ಗೊತ್ತಿದ್ದೇ ಹೇಳಿರುತ್ತಾರೆ. ಗಂಡಸರಿಗೆ ಇಂಥವೆಲ್ಲ ಗೊತ್ತಿರುತ್ತವೆ.

ಸಂಜೆ ಬಸದಿಗೆ ಹೋಗಿ ನಿಯಮ ತೆಗೆದುಕೊಂಡೆ. ಯುಗಾದಿಯವರೆಗೆ, ಹಾಸನದಿಂದ ಹೊರಡುವ ಮೊದಲು ನಾಲ್ಕೂ ಚಕ್ರದ ಗಾಳಿ ನೋಡದೆ ಕಾರು ಎತ್ತುವುದಿಲ್ಲ. ಹೋಗುವಾಗ ಇವರು ಸ್ವಲ್ಪ ಗಟ್ಟಿ ಇರುತ್ತಾರೆ. ಬರುವಾಗಲೇ ನನಗೆ ಜೀವ ಕೈಯಲ್ಲಿರುವುದು. ಮೂವತ್ತಮೂರಕ್ಕೆ ಒಂದು ಹೆಚ್ಚಿರಬಾರದು, ಒಂದು ಕಡಿಮೆಯಿರಬಾರದು. ಅಮ್ಮ ಹೇಳುತ್ತಿದ್ದಳು, ನಿಯಮ ಹಿಡಿದವರನ್ನು ನಿಯಮ ಹಿಡಿಯುತ್ತದೆ ಎಂದು.

ಜನವರಿ ೩೧, ಶುಕ್ರವಾರ

ಆಸ್ಪತ್ರೆಯಿಂದ ನಾಲ್ಕು ಹೆಜ್ಜೆಯ ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಿಡಿಯುವವನು ಮಂಜುನಾಥ ಅಂತ. ಮೀಸೆ ಹಣ್ಣಾಗಿದೆ, ಮಾತು ಕಡಿಮೆ.

"ಮೇಡಮ್ಮೋರೆ, ಮೂವತ್ತೇಳೈತೆ. ಬಿಡ್ಲಾ?"

ನಾಲ್ಕು ಹೆಚ್ಚು! ಇಷ್ಟು ದಿನ ಸಿಡಿಯದೇ ಇದ್ದದ್ದೇ ಪುಣ್ಯ. "ಬಿಡಪ್ಪಾ, ಬಿಡು" ಎಂದೆ. ಹಿಸ್ಸೆಂದು ಗಾಳಿ ಹೋಯಿತು. ಕುಕ್ಕರ್ ಇಳಿಸಿದ ಸದ್ದು. ಆ ಸದ್ದಿಗೆ ನನ್ನ ಭುಜವೂ ಇಳಿಯಿತು. ಮನೆಗೆ ಬಂದಾಗ ಅಂಗಳದಲ್ಲಿ ಇನ್ನೂ ಬೆಳಕಿತ್ತು. ಇವರು ಉಂಡರು.

ಫೆಬ್ರವರಿ ೭, ಶುಕ್ರವಾರ

ಬಿಟ್ಟಷ್ಟೂ ಏರುತ್ತಿದೆ. ಇವತ್ತು ಬಲಗಡೆ ಮೂವತ್ತನಾಲ್ಕು, ಎಡಗಡೆ ಮೂವತ್ತಾರು. ಎಡಗಡೆಯ ಎರಡು ಚಕ್ರ ಮಧ್ಯಾಹ್ನವೆಲ್ಲ ಬಿಸಿಲಲ್ಲಿದ್ದವು. ಯಾರೋ ನಾವು ಮಲಗಿದ ಮೇಲೆ ಬಂದು ತುಂಬಿಸಿ ಹೋಗುತ್ತಾರೋ ಎನ್ನುವ ಹಾಗೆ. ಎಲ್ಲವನ್ನೂ ಮೂವತ್ತಮೂರಕ್ಕೆ ಇಳಿಸಿದೆ. ನಿಯಮವಿಲ್ಲದಿದ್ದರೆ ನಮ್ಮ ಗತಿ ಏನಾಗುತ್ತಿತ್ತು?

ಫೆಬ್ರವರಿ ೧೪, ಶುಕ್ರವಾರ

ಹೋದೆವು. ಎರಡೆರಡು ಬಿಡಿಸಿದೆ. ಬಂದೆವು. ಬೆಳಕಿರುವಾಗಲೇ ಉಂಡರು.

ಫೆಬ್ರವರಿ ೧೯, ಬುಧವಾರ

ಸ್ಟೇರಿಂಗ್ ಭಾರವಾಗಿದೆ. ತಿರುವಿನಲ್ಲಿ ಕಾರು ಮಂಕುಬಡಿದ ಎಮ್ಮೆಯ ಹಾಗೆ ಒಂದು ಕ್ಷಣ ತಡೆದು ಆಮೇಲೆ ತಿರುಗುತ್ತದೆ. ಭಯಕ್ಕೆ ನನ್ನ ತೋಳೇ ಬಿಗಿದಿರಬೇಕು. ಇವರ ಎಡಗೈ ಹಿಡಿಕೆಯ ಮೇಲೆಯೇ ಇದೆ. ಬೆರಳಿನ ಗೆಣ್ಣು ಬೆಳ್ಳಗಾಗಿರುತ್ತದೆ. ನಾನು ನೋಡಿದರೆ ಕಿಟಕಿಯಾಚೆ ನೋಡುತ್ತಾರೆ.

ಫೆಬ್ರವರಿ ೨೪, ಸೋಮವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಶಾಂತಿಗ್ರಾಮ ದಾಟಿದ ಮೇಲೆ ರಸ್ತೆ ಕೆಲಸಕ್ಕೆಂದು ಪಕ್ಕಕ್ಕೆ ತಿರುಗಿಸಿದ್ದರು. ಹೊತ್ತು ಮುಳುಗುತ್ತದೆಂಬ ಅವಸರ ನನಗೆ. ಗುಂಡಿ ಕಾಣಲಿಲ್ಲ. ಮುಂದಿನ ಎಡ ಚಕ್ರ ಒಳಗೆ ಬಿದ್ದು, ಕಬ್ಬಿಣಕ್ಕೆ ಕಲ್ಲು ಹೊಡೆದ ಸದ್ದು ಬಂತು. ಇವರು "ರಾಜೀ!" ಎಂದು ಕೂಗಿ ಹಿಡಿಕೆಗೆ ಜೋತುಬಿದ್ದರು. ಕಾರು ನಿಲ್ಲಿಸಿ ನೋಡುತ್ತೇನೆ, ಎಡಗೈಯ ಪಟ್ಟಿ ಕೆಂಪಾಗುತ್ತಿದೆ. ಸೂಜಿ ತೆಗೆದು ಒಂದು ಗಂಟೆಯೂ ಆಗಿರಲಿಲ್ಲ.

ಧನುಶ್ರೀಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. "ಆಂಟಿ, ಬಟ್ಟೆ ಬದಲಾಯಿಸ್ತಾ ಕೂರ್ಬೇಡಿ. ಬೆರಳಿಟ್ಟು ಒತ್ತಿ ಹಿಡ್ಕೊಳಿ. ಎತ್ತಿ ಎತ್ತಿ ನೋಡ್ಬೇಡಿ" ಎಂದಳು. ಒತ್ತಿ ಹಿಡಿದೆ. ಬೆರಳಿನಡಿ ಇವರ ರಕ್ತ ಧಡಧಡ ಹರಿಯುವುದು ತಿಳಿಯುತ್ತಿತ್ತು. ಇಪ್ಪತ್ತು ನಿಮಿಷ. ಲಾರಿಗಳು ಹೋದಾಗೆಲ್ಲ ಕಾರು ಅಲ್ಲಾಡುತ್ತಿತ್ತು. ಕಣ್ಣೆದುರೇ ಹೊತ್ತು ಮುಳುಗಿತು. ರಕ್ತ ನಿಂತಿತು. ಉಪವಾಸ ಮಲಗಿದರು.

ಟಯರ್ ಮಾತ್ರ ಸಿಡಿಯಲಿಲ್ಲ. ಮೂವತ್ತಮೂರು ನಮ್ಮನ್ನು ಕಾಯಿತು.

ಫೆಬ್ರವರಿ ೨೬, ಬುಧವಾರ

ಇವತ್ತು ಇವರು ಹೊರಡಲಿಲ್ಲ.

"ಇವತ್ತು ಬೇಡ ಬಿಡೇ. ಒಂದು ಸಲಕ್ಕೆ ಏನೂ ಆಗಲ್ಲ" ಎಂದರು. ಬೈದೆ. ಬೇಡಿಕೊಂಡೆ. ಕೀರ್ತಿರಾಜ್‌ನನ್ನು ಕರೆಸುತ್ತೇನೆ ಎಂದೆ. ಅವನು ಮದುವೆಗೆಂದು ಮೈಸೂರಿಗೆ ಹೋಗಿದ್ದಾನೆ. ಬಾಡಿಗೆ ಕಾರು ತರಿಸುತ್ತೇನೆ ಎಂದರೂ ಏಳಲಿಲ್ಲ. "ಆ ಕಾರಲ್ಲಿ ಕೂರೋಕೆ ಆಗಲ್ಲ, ಯಾವ ಕಾರಲ್ಲೂ ಕೂರೋಕೆ ಆಗಲ್ಲ" ಎಂದು ಹೊದ್ದುಕೊಂಡರು. ತಪ್ಪಿಸಿದರೆ ನೀರು ಎದೆಗೆ ಏರುತ್ತದೆ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದಾರೆ. ಸಂಜೆಗೆ ಪಾದ ಊದಿದವು. ಒತ್ತಿದರೆ ನನ್ನ ಬೆರಳಿನ ಗುರುತು ಹಾಗೇ ನಿಲ್ಲುತ್ತದೆ.

ಟಯರ್ ಸಿಡಿದು ಹೋಗುತ್ತೇವೆ ಎಂದು ಹೆದರಿದ್ದೆ. ಮನೆಯಲ್ಲಿ ಮಂಚದ ಮೇಲೆ ಕಳೆದುಕೊಳ್ಳುತ್ತೇನೆ ಎಂದು ಹೆದರಿರಲಿಲ್ಲ.

ಫೆಬ್ರವರಿ ೨೭, ಗುರುವಾರ

ಅರಕಲಗೂಡಿನ ಛತ್ರಕ್ಕೆ ಬಾಡಿಗೆ ಪಾತ್ರೆ ತಲುಪಿಸಬೇಕಿತ್ತು. ಮಾತು ಕೊಟ್ಟಾಗಿತ್ತು. ನಾದಿನಿ ಶಾಂತಕುಮಾರಿಯನ್ನು ಇವರ ಹತ್ತಿರ ಕೂರಿಸಿ, ಹಿಂದಿನ ಸೀಟು ಮಡಚಿ ಕೊಳದಪ್ಪಲೆ, ಹಂಡೆಗಳನ್ನು ಪೇರಿಸಿಕೊಂಡು ಬೆಳಿಗ್ಗೆ ಏಳಕ್ಕೇ ಹೊರಟೆ. ಇಳಿಸಿ ವಾಪಸು ಬರುವಾಗ ಹೊಳೆನರಸೀಪುರದ ಹತ್ತಿರ ಕಾರು ಎಡಕ್ಕೆ ಎಳೆಯತೊಡಗಿತು. ಟಯರ್ ಅಂಗಡಿಯೊಂದು ಕಂಡಿತು, ತಿರುಗಿಸಿದೆ.

ಅಂಗಡಿಯ ದ್ಯಾವಯ್ಯನವರು ಬಸ್ ಡಿಪೋದಲ್ಲಿ ಮೂವತ್ತು ವರ್ಷ ಟಯರ್ ಕೆಲಸ ಮಾಡಿ ನಿವೃತ್ತರಾದವರು. ಮುಂದಿನ ಎಡ ಚಕ್ರದ ಬದಿಯನ್ನು ಅಂಗೈಯಿಂದ ಸವರಿದರು. ನನ್ನ ಕೈ ಹಿಡಿದು ಅಲ್ಲಿಗೆ ಇಟ್ಟರು. ಕೋಳಿಮೊಟ್ಟೆಯಷ್ಟು ಉಬ್ಬು.

"ಒಳಗಿನ ದಾರ ಕಿತ್ತೋಗದೆ ಕಣವ್ವ. ಇನ್ನೊಂದ್ ಸಲ ಐವೇಲಿ ಜೋರಾಗ್ ಓಗಿದ್ರೆ ಮುಗ್ದೋಗ್ತಿತ್ತು. ಗಾಳಿ ಯಾರು ನೋಡ್ತಾರೆ?"

"ನಾನೇ. ವಾರಕ್ಕೆ ಮೂರು ಸಲ ನೋಡಿಸ್ತೀನಿ. ಮೂವತ್ತಮೂರಕ್ಕೆ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಯಾವೊತ್ನಲ್ಲಿ?"

"ಹಾಸನದಲ್ಲಿ. ಹೊರಡೋ ಮುಂಚೆ. ಬಿಸಿಲಲ್ಲಿ ನಿಂತಿರುತ್ತೆ, ದಿನಾ ಜಾಸ್ತಿ ಇರುತ್ತೆ, ಬಿಡಿಸ್ತೀನಿ."

ಅವರು ಮುಖ ಎತ್ತಿ ನನ್ನನ್ನೇ ನೋಡಿದರು. ಬೈಯಲಿಲ್ಲ. "ಕೂತ್ಕಳವ್ವ. ಈ ಟಯರ್ ಎಂಗೂ ಬದ್ಲಾಯಿಸ್ಬೇಕು. ಆಸನಕ್ಕೆ ಫೋನ್ ಮಾಡ್ತೀನಿ, ಒಸದನ್ನ ಬಸ್ನಾಗೆ ಆಕಿ ಕಳಿಸ್ತಾರೆ. ಅಲ್ಲೀಗಂಟ ಕಾರು ನೆಳ್ಳಾಗೆ ತಣ್ಣಗಾಗ್ಲಿ" ಎಂದರು. ಎಳನೀರು ಕೊಡಿಸಿದರು. ಎರಡೂವರೆ ಗಂಟೆ ಕೂತೆ. ಮನೆಗೆ ಮೂರು ಸಲ ಫೋನ್ ಮಾಡಿದೆ. "ಉಸಿರು ಮೇಲಕ್ಕೆ ಎಳೀತಿದಾರೆ ಅತ್ತಿಗೆ, ಬೇಗ ಬನ್ನಿ" ಎಂದಳು ಶಾಂತಕುಮಾರಿ. ಆಮೇಲೆ ದ್ಯಾವಯ್ಯ ಉಳಿದ ಮೂರು ಚಕ್ರಕ್ಕೆ ಗೇಜು ಇಟ್ಟು ತೋರಿಸಿದರು. ಇಪ್ಪತ್ತೇಳು. ಇಪ್ಪತ್ತೆಂಟು. ಇಪ್ಪತ್ತೇಳು.

"ಬಿಸಿಯಾದಾಗ ಗಾಳಿ ಇಗ್ತದೆ, ಉಬ್ತದೆ. ಅದು ಜಾಸ್ತಿಯಾಗಿದ್ದಲ್ಲ, ಇಗ್ಗಿದ್ದು. ನೀವು ಅದ್ನ ಬಿಟ್ಬುಟ್ರಿ. ತಣ್ಣಗಾದ್ಮೇಲೆ ಏನ್ ಉಳೀತು? ಗಾಳಿ ಜಾಸ್ತಿಯಾಗಿ ಸಿಡಿಯೋದು ಅಪರೂಪ ಕಣವ್ವ. ಕಮ್ಮಿಯಾದ್ರೇನೆ ಮಗ್ಗುಲು ಮಡಚಿ ಮಡಚಿ ಕಾದು ಅರಿದೋಗೋದು. ಗುಂಡೀಗ್ ಬಿದ್ರಂತೂ ಏಳೋದೇ ಬ್ಯಾಡ."

ನಾನು ಪಾತ್ರೆ ಅಂಗಡಿಯವಳು. ಇಪ್ಪತ್ತು ವರ್ಷದಿಂದ ಪ್ರತಿ ಕುಕ್ಕರಿನ ಜೊತೆ ಒಂದು ಮಾತು ಸೇರಿಸಿ ಮಾರುತ್ತೇನೆ: ತಣ್ಣಗಾಗುವವರೆಗೂ ಕೈ ಹಾಕಬೇಡಿ. ಅದೇ ನಾನು ಬಿಸಿ ಚಕ್ರಕ್ಕೆ ವಾರಕ್ಕೆ ಮೂರು ಸಲ ಕೈ ಹಾಕಿಸಿದ್ದೇನೆ. ಅದೂ ದೇವರ ಮುಂದೆ ನಿಂತು ನಿಯಮ ಹಿಡಿದು. ಸಿಡಿಯುತ್ತದೆಂದು ಹೆದರಿ ಹೆದರಿ, ಸಿಡಿಯುವ ಹಾಗೆ ಮಾಡುತ್ತಿದ್ದವಳು ನಾನೇ. ಇವರ ಕೈಯಿಂದ ರಕ್ತ ಬರಿಸಿದ್ದೂ ನಾನೇ. ಅಂಗಡಿಯ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ದ್ಯಾವಯ್ಯ ಅತ್ತ ತಿರುಗಿ ಸ್ಪ್ಯಾನರ್ ಒರೆಸುತ್ತ ನಿಂತರು.

"ಹಾಗಾದರೆ ಮೂವತ್ತಮೂರು ಸರಿನಾ? ತಣ್ಣಗಿದ್ದಾಗ?" ಎಂದು ಕೇಳಿದೆ.

"ಅದು ಅಳೇ ಚಕ್ರದ ಲೆಕ್ಕ. ಈಗ ಚಕ್ರ ದೊಡ್ಡದಾಯ್ತು, ರಬ್ಬರು ತೆಳ್ಳಗಾಯ್ತು. ಗಾಳಿಗೆ ಜಾಗ ಕಮ್ಮಿ. ಕಾರಿನ ಭಾರ ಅಷ್ಟೇ ಅಲ್ವಾ? ತೆಳ್ಳನೆ ದಿಂಬಿನ ಮ್ಯಾಲೆ ಅದೇ ತಲೆ ಮಡಗ್ಬೇಕಂದ್ರೆ ಅತ್ತಿ ಒತ್ತಿ ತುಂಬ್ಬೇಕು." ಟಯರಿನ ಮೇಲಿನ ಅಕ್ಷರಗಳನ್ನು ಓದಿ, ಗೋಡೆಗೆ ಅಂಟಿಸಿದ್ದ ಕಂಪನಿಯ ಪಟ್ಟಿಯಲ್ಲಿ ಬೆರಳಾಡಿಸಿದರು. "ಮೂವತ್ತೆಂಟು. ಬೆಳಿಗ್ಗೆ, ಕಾರು ಅಲ್ಲಾಡೋಕ್ ಮುಂಚೆ."

"ಟಯರಿನ ಮೇಲೆ ಐವತ್ತೊಂದು ಅಂತಿದೆ?"

"ಅದು ಅದರ ಕೊನೇ ಗೆರೆ ಕಣವ್ವ. ಅಷ್ಟು ತುಂಬಿ ಅಂತಲ್ಲ, ಅದನ್ನ ದಾಟ್ಬ್ಯಾಡಿ ಅಂತ."

ಹೊಸ ಟಯರ್ ಹಾಕಿ, ನಾಲ್ಕಕ್ಕೂ ಮೂವತ್ತೆಂಟು ತುಂಬಿಸಿದರು. ಹೊರಡುವಾಗ ತಮ್ಮ ಡಿಪೋ ಕಾಲದ ಗೇಜನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. "ಸಂಜೆಗೆ ನಲವತ್ತೆರಡು, ನಲವತ್ಮೂರು ತೋರಿಸ್ತದೆ. ಎದ್ರುಕೊಂಡು ಬಿಟ್ಗಿಟ್ಟೀರಿ" ಎಂದರು.

ಫೆಬ್ರವರಿ ೨೮, ಶುಕ್ರವಾರ

ರಾತ್ರಿಯೇ ಹೊರಡೋಣವೆಂದರೂ ಏಳದಿದ್ದ ಇವರು ಬೆಳಿಗ್ಗೆ ದಿಂಬಿಗೆ ಒರಗಿ ಕೂತೇ ಉಸಿರಾಡುತ್ತಿದ್ದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ನಾನು ಮೊದಲು ಅಂಗಳಕ್ಕೆ ಹೋಗಿ ಗೇಜು ಇಟ್ಟೆ. ನಾಲ್ಕೂ ಮೂವತ್ತೆಂಟು. ಒಳಗೆ ಬಂದು ಇವರಿಗೆ ಶರಟು ತೊಡಿಸತೊಡಗಿದೆ.

"ಬೇಡ ಕಣೇ" ಎಂದರು.

"ನಿಮ್ಮನ್ನ ಕೇಳ್ಲಿಲ್ಲ. ತೋಳು ಎತ್ತಿ" ಎಂದೆ.

ಹಿಡಿಕೆ ಹಿಡಿದುಕೊಂಡೇ ಬಂದರು. ಇವರು ಮಷೀನಿನ ಮೇಲಿದ್ದಾಗ ನಾನು ನಿಯಮದ ಬಗ್ಗೆಯೇ ಯೋಚಿಸುತ್ತಿದ್ದೆ. ಯುಗಾದಿಗೆ ಇನ್ನೂ ಒಂದು ತಿಂಗಳಿದೆ. ಹಿಡಿದದ್ದನ್ನು ಮುರಿಯುವುದು ನಮ್ಮ ಮನೆತನದಲ್ಲಿಲ್ಲ. ಕೊನೆಗೆ ತೀರ್ಮಾನಿಸಿದೆ: ಗಾಳಿ ನೋಡುವುದು ನಿಯಮ. ಮೂವತ್ತಮೂರು ಎಂದದ್ದು ಅಜ್ಞಾನ. ಅಜ್ಞಾನವನ್ನು ಬಿಟ್ಟರೆ ದೋಷವಿಲ್ಲ.

ಐದೂಕಾಲಕ್ಕೆ ಬಂಕಿನಲ್ಲಿ ನಿಲ್ಲಿಸಿದೆ. ಮಂಜುನಾಥ ಹೌಹಾರಿದ. "ಮೇಡಮ್ಮೋರೆ, ನಲವತ್ಮೂರೈತೆ! ನಾಕೂ ಅಂಗೇ ಅವೆ. ಬಿಡ್ಲಾ?"

ಗೊತ್ತಿತ್ತು. ದ್ಯಾವಯ್ಯ ಹೇಳಿದ್ದ ಅಂಕಿಯೇ. ಆದರೂ ಹಿರೀಸಾವೆಯ ಆ ಒಂಟಿ ಚಪ್ಪಲಿ ಬಂಕಿನ ನೆಲದ ಮೇಲೇ ಬಿದ್ದಿರುವ ಹಾಗೆ ಕಂಡಿತು. ಕಾರಿನೊಳಗಿಂದ ಇವರು, "ರಾಜಿ, ಬಿಡ್ಸೇ. ಮೂವತ್ತಮೂರಕ್ಕೆ ಬಿಡ್ಸು" ಎಂದು ಕೂಗಿದರು.

"ಬಿಡಬೇಡ ಮಂಜುನಾಥ. ಮುಚ್ಚಳ ಹಾಕು" ಎಂದೆ. ನನ್ನದೇ ದನಿಯೋ ಅಲ್ಲವೋ ಎನ್ನುವ ಹಾಗಿತ್ತು.

ಹೆದ್ದಾರಿಗೆ ಬಂದ ಮೇಲೆ ಇವರು, "ನಿಂಗೆ ಹೇಗೆ ಗೊತ್ತು?" ಎಂದರು. ಎಲ್ಲವನ್ನೂ ಹೇಳಿದೆ. ಉಬ್ಬಿನ ವಿಷಯವನ್ನೂ, ಗಾಳಿ ಬಿಡಿಸಿದವಳು ನಾನೇ ಎಂಬುದನ್ನೂ. ಬೈಯಲಿ ಎಂದೇ ಹೇಳಿದೆ.

"ನಂಗೂ ಗೊತ್ತಿರ್ಲಿಲ್ಲ ಕಣೇ" ಎಂದರು. "ಯಾವತ್ತೂ ಗೊತ್ತಿರ್ಲಿಲ್ಲ. ಚೀಟಿ ನೋಡಿ ಹೇಳ್ತಿದ್ದೆ. ಆ ಚಕ್ರ ಹಾಕಿಸಿದ್ದು ಯಾವತ್ತು ಗೊತ್ತಾ? ಕಿಡ್ನಿ ಹೋಗ್ತಾ ಇದೆ ಅಂತ ಡಾಕ್ಟರು ಮೊದಲ್ನೇ ರಿಪೋರ್ಟ್ ಕೊಟ್ರಲ್ಲ, ಅವತ್ತೇ ಸಂಜೆ. ಸೀದಾ ಮನೆಗೆ ಬಂದು ನಿನ್ ಮುಖ ನೋಡೋಕೆ ಆಗ್ಲಿಲ್ಲ. ಏನಾದ್ರೂ ಒಂದು ಹೊಸದು ಬೇಕಿತ್ತು ನಂಗೆ."

ಆ ನಾಲ್ಕು ದಿನ ನಾನು ಮಾತು ಬಿಟ್ಟಿದ್ದೆ. ಮುದುಕನಿಗೆ ಹೊಸ ಹಲ್ಲು ಎಂದಿದ್ದೆ. ಇವರು ನಕ್ಕು ಸುಮ್ಮನಾಗಿದ್ದರು. ರಸ್ತೆ ಮಸುಕಾಯಿತು. ಶಾಂತಿಗ್ರಾಮದ ಆಚೆ ಹುಣಸೆಮರದ ಕೆಳಗೆ ಕಾರು ನಿಲ್ಲಿಸಿ ಕಣ್ಣೊರೆಸಿಕೊಂಡೆ. ಟೈಮು ಆರು. ಹೊತ್ತು ಮುಳುಗಲು ಇನ್ನೂ ಅರ್ಧ ಗಂಟೆಯಿತ್ತು. ಮಧ್ಯಾಹ್ನ ನನಗೆಂದು ತಂದು ತಿನ್ನದೇ ಬಿಟ್ಟಿದ್ದ ಡಬ್ಬಿಯಲ್ಲಿ ಅಕ್ಕಿರೊಟ್ಟಿ, ಹೀರೇಕಾಯಿ ಪಲ್ಯ ಇತ್ತು. ಸುಮ್ಮನೆ ಮುಂದೆ ಹಿಡಿದೆ. ಬಾಗಿಲು ತೆಗೆದು, ಕಾಲು ಹೊರಗೆ ಇಳಿಬಿಟ್ಟು, ಎರಡೂ ರೊಟ್ಟಿ ತಿಂದರು. ಒಂದು ತಿಂಗಳು ಹೊತ್ತಿನ ಹಿಂದೆ ಓಡಿದೆವಲ್ಲ, ನಿಲ್ಲಿಸಿದರೆ ಊಟ ಸಿಗುತ್ತದೆ ಎಂದು ಇಬ್ಬರಿಗೂ ಹೊಳೆದಿರಲಿಲ್ಲ.

ಮಾರ್ಚ್ ೭, ಶುಕ್ರವಾರ

ಬೆಳಿಗ್ಗೆ ಮೂವತ್ತೆಂಟು. ಸಂಜೆ ನಲವತ್ತೆರಡು. ನೋಡಿದೆ, ಮುಟ್ಟಲಿಲ್ಲ. ಭಯವಾಯಿತು. ಇವರ ಕೈ ಹಿಡಿಕೆಯ ಮೇಲೆಯೇ. ಹುಣಸೆಮರದ ಕೆಳಗೆ ಊಟ.

ಮಾರ್ಚ್ ೧೯, ಬುಧವಾರ

ಕೀರ್ತಿರಾಜ್ ಬಂದಿದ್ದ. ತನ್ನ ಕಾರಿಗೂ ದೊಡ್ಡ ವೀಲು ಹಾಕಿಸುತ್ತಾನಂತೆ. ಮೂವತ್ತು ಸಾಕು ಎಂದು ಶುರುಮಾಡಿದ. ಅರ್ಧ ಗಂಟೆ ಕೂರಿಸಿ ಬೆಂಡೆತ್ತಿದೆ. ದಿಂಬಿನ ಮಾತು ಹೇಳಿದೆ. ಹೊಳೆನರಸೀಪುರದ ದಾರಿಯನ್ನೂ ಹೇಳಿ ಕಳಿಸಿದೆ. ಇವರು ಒಳಗಿಂದ ನಗುವುದು ಕೇಳಿಸಿತು. ಲಾರಿ ಹಿಂದಿಕ್ಕುವಾಗ ಈಗಲೂ ಉಸಿರು ಬಿಗಿ ಹಿಡಿಯುತ್ತೇನೆ. ನಾನು ಸ್ವಭಾವತಃ ಅಂಜುಬುರುಕಿ, ಏನು ಮಾಡುವುದು.

ಮಾರ್ಚ್ ೩೧, ಸೋಮವಾರ

ನಿನ್ನೆ ಯುಗಾದಿ. ನಿಯಮ ಮುಗಿಯಿತು. ಬೆಳಿಗ್ಗೆ ಗೇಜು ನೋಡಿ ಹೊರಟೆವು. ಸ್ನಾನಕ್ಕೆ ಮುಂಚೆ ಹಲ್ಲುಜ್ಜುವ ಹಾಗೆ ಅದು ನಡೆದುಹೋಗುತ್ತದೆ. ಸಂಜೆ ಬಂಕಿನ ಮುಂದೆ ನಿಲ್ಲಿಸಲಿಲ್ಲ. ಮಂಜುನಾಥ "ಗಾಳಿ ನೋಡ್ಸಲ್ವಾ ಮೇಡಮ್ಮೋರೆ?" ಎಂದು ಕೂಗಿದ. ಕೈ ಬೀಸಿದೆ.

ಹುಣಸೆಮರದ ಕೆಳಗೆ ಇವರು ಉಂಡರು. ಅಲ್ಲಿಂದ ಹೊರಟ ಮೇಲೆ ನಾದಿನಿಯ ಮಗಳ ಕಾಲೇಜಿನ ವಿಷಯ ಏನೋ ಹೇಳುತ್ತಿದ್ದೆ. ಹೇಳುತ್ತಲೇ ಇದ್ದೆ. ಮನೆಯ ಮುಂದೆ ಎಂಜಿನ್ ಆರಿಸಿದಾಗಲೇ ಗೊತ್ತಾಗಿದ್ದು, ಇವರಿಂದ ಹೂಂ ಎಂಬ ಸದ್ದೂ ಇಲ್ಲ.

ತಿರುಗಿದೆ. ತಲೆ ಕಿಟಕಿಗೆ ವಾಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಎಡಗೈ ಹಿಡಿಕೆಯ ಮೇಲಿರಲಿಲ್ಲ, ಮಡಿಲಲ್ಲಿ ಅಂಗೈ ಮೇಲಾಗಿ ಬಿದ್ದಿತ್ತು.

ಈ ಎರಡು ತಿಂಗಳ ಭಯವೆಲ್ಲ ಒಟ್ಟಿಗೆ ಬಂದು ನನ್ನ ಎದೆಯ ಮೇಲೆ ಕೂತಿತು. ಬೆರಳನ್ನು ಇವರ ಮೂಗಿನ ಕೆಳಗೆ ಹಿಡಿದೆ.

ಬೆಚ್ಚಗಿನ ಉಸಿರು. ಆಮೇಲೆ ಸಣ್ಣದೊಂದು ಗೊರಕೆ.

ಎಬ್ಬಿಸಲಿಲ್ಲ. ಅಂಗಳದಲ್ಲಿ ಬೆಳಕು ಹೋಗುವವರೆಗೂ ನಾನೂ ಅಲ್ಲೇ, ಪಕ್ಕದ ಸೀಟಿನಲ್ಲಿ ಕೂತಿದ್ದೆ.